ಹೇಮಲತಾ ಬರೆಯದ ಸುದ್ದಿ

ಹೆಮ್ಮಿಗೆಯ ಹೇಮಲತಾ ಪತ್ರಕರ್ತೆಯಾದದ್ದು ಒಂದು ಜಗಳದಿಂದ. ೧೯೯೪ರಲ್ಲಿ ನಂಜನಗೂಡಿನ ‘ಕಪಿಲಾ ತೀರ’ ಎಂಬ ವಾರಪತ್ರಿಕೆ, ಹೆಮ್ಮಿಗೆಯ ನಾಲೆ ದುರಸ್ತಿಯಾಗಿದೆ ಎಂದು ಬರೆಯಿತು. ನಾಲೆ ಒಡೆದೇ ಇತ್ತು. ಅವಳು ನರಸೀಪುರಕ್ಕೆ ಬಂದು ಬಸ್ಸು ಹತ್ತಿ, ನಂಜನಗೂಡಿನ ಪ್ರೆಸ್ಸಿಗೆ ಹೋಗಿ, ಅಚ್ಚಿನ ಮೊಳೆ ಜೋಡಿಸುತ್ತಿದ್ದ ಸಂಪಾದಕ ಪುಟ್ಟಬಸವಯ್ಯನವರ ಮುಂದೆ ಪತ್ರಿಕೆ ಎಸೆದಳು.

“ಯಾರು ಸಾ ನಿಮ್ಗೆ ಏಳಿದ್ದು? ನಾಲೆ ತಾವ್ಕೆ ಬಂದು ನೋಡುದ್ರಾ?”

“ಇಂಜಿನಿಯರ್ ಹೇಳ್ದ, ನಂಬ್ಬಿಟ್ಟೆ. ತಪ್ಪಾಯ್ತು ಕಣವ್ವ. ನೀನೇ ಬರ್ದು ಕೊಡು, ಮುಂದಿನ ವಾರ ಮೊದಲ್ನೇ ಪುಟದಲ್ಲೇ ಹಾಕ್ತೀನಿ,” ಎಂದರು ಪುಟ್ಟಬಸವಯ್ಯ.

ಹಾಗೇ ಹಾಕಿದರು. ಅಂದಿನಿಂದ ನರಸೀಪುರ ತಾಲ್ಲೂಕಿನ ಸುದ್ದಿ ಅವಳದಾಯಿತು. ವೈದ್ಯರಿಲ್ಲದ ಆಸ್ಪತ್ರೆ, ಮೇಷ್ಟ್ರಿಲ್ಲದ ಶಾಲೆ, ಸೀಮೆಎಣ್ಣೆ ಕದಿಯುವ ಸೊಸೈಟಿ, ಎಲ್ಲದರ ಬಗ್ಗೆಯೂ ಬರೆದಳು. ದೊಡ್ಡ ಪತ್ರಿಕೆಗಳಿಗೆ ಈ ಊರುಗಳು ಕಾಣುತ್ತಿದ್ದುದು ಮಂತ್ರಿ ಬಂದಾಗ, ಇಲ್ಲವೇ ಬಸ್ಸು ಮಗುಚಿದಾಗ.

೨೦೦೩ರಲ್ಲಿ ರಾಜ್ಯಮಟ್ಟದ ದಿನಪತ್ರಿಕೆಯೊಂದು ಇದ್ದಕ್ಕಿದ್ದಂತೆ ನಂಜನಗೂಡು, ನರಸೀಪುರ ಎರಡೂ ತಾಲ್ಲೂಕುಗಳಿಗೆಂದೇ ಒಂದು ಪುಟ ಶುರುಮಾಡಿತು. ಅಂಗಡಿಯವರ ಜಾಹೀರಾತೆಲ್ಲ ಅತ್ತ ಹೋಯಿತು. ‘ಕಪಿಲಾ ತೀರ’ ಏದುಸಿರು ಬಿಡುತ್ತಿರುವಾಗ ಆ ದಿನಪತ್ರಿಕೆಯ ಮ್ಯಾನೇಜರ್ ಬಸವಪ್ರಸಾದ್ ಮೈಸೂರಿನಿಂದ ಕಾರಿನಲ್ಲಿ ಬಂದ.

“ಇಂಗ್ಲೆಂಡಲ್ಲಿ ಊರೂರಿಗೂ ಒಂದು ಪೇಪರ್ ಇದೆ ಸಾರ್, ಎಷ್ಟೋ ಪೇಪರ್‌ಗೆ ನೂರು ವರ್ಷ ದಾಟಿದೆ. ಈಗ ಹೆಚ್ಚಿನವು ದೊಡ್ಡ ಕಂಪನಿಗಳ ಕೈಲಿವೆ. ಕಾಲಾನೇ ಹಂಗಿದೆ. ನಿಮ್ಮ ಪೇಪರ್ ಹೆಸ್ರು ನಮ್ಗೆ ಕೊಡಿ, ನಮ್ಮ ಪುಟದ ನೆತ್ತಿ ಮೇಲೆ ಉಳೀತದೆ.”

ಪುಟ್ಟಬಸವಯ್ಯ ಹೆಸರು ಮಾರಿದರು. ಪ್ರೆಸ್ಸು ಮಾತ್ರ ಅವರಲ್ಲೇ ಉಳಿದು ಮದುವೆ ಕಾಗದ ಅಚ್ಚು ಹಾಕತೊಡಗಿತು. ಹೇಮಲತಾ ಹೊಸ ಯಜಮಾನರಿಗೆ ಎರಡೂ ತಾಲ್ಲೂಕಿನ ವರದಿಗಾರ್ತಿಯಾದಳು.

ಎರಡು ವರ್ಷದ ಮೇಲೆ ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಿಂದ ಕರೆ ಬಂತು. ಊರಾಚೆಯ ಬಣ್ಣದ ಕಾರ್ಖಾನೆ ಕೊಳವೆಯಲ್ಲಿ ಬಿಟ್ಟ ನೀರು ಬಾವಿಗಳಿಗೆ ಇಳಿದಿತ್ತು. ಮುತ್ತಮ್ಮ ಎಂಬಾಕೆಯ ಎಮ್ಮೆಗಳು ಆ ನೀರು ಕುಡಿದು ಸತ್ತಿದ್ದವು. ಹೇಮಲತಾ ಬಾವಿಗಳನ್ನು ನೋಡಿ, ಫೋಟೊ ತೆಗೆದು, ಬರೆದು ಕಳಿಸಿದಳು.

ಮರುದಿನ ಅಚ್ಚಾಗಿದ್ದು ಬೇರೆಯೇ ಸುದ್ದಿ: ‘ಹೆಮ್ಮರಗಾಲಕ್ಕೆ ಕಾರ್ಖಾನೆಯಿಂದ ಶುದ್ಧ ನೀರು’. ಕೆಳಗೆ ಅವಳದೇ ಹೆಸರು. ಪಕ್ಕದಲ್ಲಿ ಅದೇ ಕಾರ್ಖಾನೆಯ ಅರ್ಧ ಪುಟದ ಜಾಹೀರಾತು.

ಅವಳು ಹೆಮ್ಮರಗಾಲಕ್ಕೆ ಓಡಿದಳು. ಡೇರಿ ಮುಂದೆ, ಉಳಿದ ಒಂದೇ ಎಮ್ಮೆಯ ಹಾಲು ಹಾಕಲು ನಿಂತಿದ್ದ ಮುತ್ತಮ್ಮ ಮುಖ ತಿರುಗಿಸಿದಳು. “ನಿನ್ ಎಸ್ರಲ್ಲೇ ಅದಲ್ಲವ್ವ. ಎಷ್ಟ್ ಕೊಟ್ರು?”

“ಆ ಸುದ್ದಿ ನಾ ಬರ್ದಿದ್ದಲ್ಲ ಕಣಕ್ಕ!” ಎಂದಳು ಹೇಮಲತಾ. ಯಾರೂ ನಂಬಲಿಲ್ಲ.

ಅಲ್ಲಿಂದ ನೇರ ಮೈಸೂರಿನ ಆಫೀಸಿಗೆ ಹೋದಳು. ಬಸವಪ್ರಸಾದ್ ಕಾಫಿ ತರಿಸಿದ.

“ಡೆಸ್ಕಲ್ಲಿ ಸ್ವಲ್ಪ ತಿದ್ದಿದ್ದಾರೆ, ಅಷ್ಟೇ.”

“ಎಮ್ಮೆ ಸತ್ತದ್ದ ತೆಗ್ದು ನೀರ್ ಕೊಟ್ರು ಅಂತ ಬರ್ಯೋದು ತಿದ್ದೋದಾ ಸಾ? ನಿಮ್ ಸುಳ್ಳಿಗೆ ನನ್ನ ಎಸ್ರು ಯಾಕೆ? ನಾಳೆ ತಪ್ಪೊಪ್ಪಿಗೆ ಆಕಿ.”

“ಜಾಹೀರಾತು ನಿಂತ್ರೆ ನಿಮ್ಮ ಪುಟಾನೇ ಇರಲ್ಲ.”

“ಇಂಥ ಪುಟ ಇದ್ರೆಷ್ಟು, ಹೋದ್ರೆಷ್ಟು?” ಅವಳು ಗುರುತಿನ ಕಾರ್ಡನ್ನು ಕಾಫಿ ಲೋಟದ ಪಕ್ಕ ಇಟ್ಟು ಎದ್ದುಬಂದಳು.

ನಂಜನಗೂಡಿನ ಪ್ರೆಸ್ಸಿನಲ್ಲಿ ಪುಟ್ಟಬಸವಯ್ಯ ಅವಳ ಮಾತು ಕೇಳುತ್ತಲೇ ಮದುವೆ ಕಾಗದದ ಮೊಳೆಗಳನ್ನು ಬಿಚ್ಚಿದರು. ಅವಳ ಮೂಲ ವರದಿ ಕರಪತ್ರವಾಯಿತು. ‘ನನ್ನ ಹೆಸರಿನಲ್ಲಿ ಬಂದದ್ದು ಸುಳ್ಳು, ನಾನು ಬರೆದದ್ದು ಇದು’ ಎಂಬುದೇ ಅದರ ತಲೆಬರಹ. ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ, ನರಸೀಪುರದ ಸಂತೆಯಲ್ಲಿ ಅವಳೇ ನಿಂತು ಹಂಚಿದಳು. ಹೆಮ್ಮರಗಾಲದ ಡೇರಿ ಮುಂದೆ ಗಟ್ಟಿಯಾಗಿ ಓದಿದಳು. ಓದಿ ಮುಗಿದಾಗ ಮುತ್ತಮ್ಮ ಒಂದು ಕಟ್ಟು ಕರಪತ್ರವನ್ನು ತಾನೇ ಎತ್ತಿಕೊಂಡಳು. “ಕೊಡಿಲ್ಲಿ. ನಮ್ ಅಟ್ಟಿಗೆಲ್ಲ ನಾನ್ ಅಂಚ್ತೀನಿ.”

ಊರಿನವರು ಆ ಕರಪತ್ರ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ಕುಳಿತರು. ಅಧಿಕಾರಿಗಳು ಬಾವಿನೀರು ಪರೀಕ್ಷಿಸಿ ಕಾರ್ಖಾನೆಯ ಕೊಳವೆ ಮುಚ್ಚಿಸಿದರು. ಮಾರನೆಯ ದಿನ ದಿನಪತ್ರಿಕೆಯ ಮುಖಪುಟದಲ್ಲಿ ದಪ್ಪ ಅಕ್ಷರ: ‘ನಮ್ಮ ವರದಿಯ ಫಲಶ್ರುತಿ’. ಅವಳಿಂದ ಬಂದು ಅವರ ಬಳಿಯೇ ಉಳಿದಿದ್ದ ಫೋಟೊವನ್ನೂ ಬಳಸಿಕೊಂಡಿದ್ದರು. ಈ ಸಲ ಅವಳ ಹೆಸರಿರಲಿಲ್ಲ.

“ಕಳ್ಳರು!” ಎಂದು ಕೂಗಿದ ಹೇಮಲತಾಳ ದನಿ ಪ್ರೆಸ್ಸಿನ ಬೀದಿಗೆಲ್ಲ ಕೇಳಿತು.

೨೦೦೭ರಲ್ಲಿ ದಿನಪತ್ರಿಕೆಯವರು ಲಾಭವಿಲ್ಲವೆಂದು ಎರಡು ತಾಲ್ಲೂಕಿನ ಆ ಪುಟವನ್ನೇ ನಿಲ್ಲಿಸಿದರು. ಪುಟ್ಟಬಸವಯ್ಯ ‘ಕಪಿಲಾ ತೀರ’ದ ಹೆಸರನ್ನು ವಾಪಸು ಕೇಳಿದಾಗ ಕೊಡುವುದಿಲ್ಲವೆಂದರು. ತಾವು ನಡೆಸುವುದಿಲ್ಲ, ಬೇರೆಯವರು ನಡೆಸಲೂ ಬಿಡುವುದಿಲ್ಲ. ಹೆಸರು ಮಾರಿದ್ದಕ್ಕೆ ಮುದುಕರು ಅಂದು ಮೊದಲ ಸಲ ಅತ್ತರು.

ಹೇಮಲತಾ ಅಳಲಿಲ್ಲ. ‘ಎರಡು ತಾಲ್ಲೂಕು’ ಎಂಬ ಹೊಸ ಹೆಸರು ನೋಂದಾಯಿಸಿ ನಾಲ್ಕು ಪುಟದ ಪಾಕ್ಷಿಕ ತಂದಳು. ಅದರ ಮೊದಲ ಸಂಚಿಕೆಯ ಮೊದಲ ಸುದ್ದಿ, ಹೆಮ್ಮರಗಾಲದ ಕಾರ್ಖಾನೆ ಕದ್ದುಮುಚ್ಚಿ ಹೂತಿದ್ದ ಎರಡನೆಯ ಕೊಳವೆಯದು.