ಜಯದೇವಿಯ ಹಳೆ ಸೀರೆಗಳು

ಅಮೆರಿಕದ ಕ್ಯಾರಲ್ಟನ್ನಿನಲ್ಲಿರುವ ಜಯದೇವಿಗೆ ಸುಮ್ಮನೆ ಕೂರುವ ಜಾಯಮಾನವೇ ಇಲ್ಲ. ಮೊದಲು ತನ್ನ ಮನೆ ತಿಕ್ಕಿದಳು, ಆಮೇಲೆ ಗೆಳತಿಯರದ್ದು. ಈಗ ಅದೇ ಅವಳ ಕಸುಬು. "ಹುಬ್ಬಳ್ಳಿಯಿಂದ ಇಷ್ಟು ದೂರ ಬಂದು ನೆಲ ಒರೆಸ್ತಾಳಂತೆ" ಎಂದು ಮೂಗು ಮುರಿದವರೇ ಇವತ್ತು ಅವಳ ಬಿಡುವು ಕೇಳಿ ಫೋನ್ ಮಾಡುತ್ತಾರೆ. ಇದರ ಜಂಬ ಅವಳಿಗೆ ಸ್ವಲ್ಪ ಹೆಚ್ಚೇ ಇದೆ. ಇರಲಿ, ದುಡಿಯುವವರಿಗೆ ಅಷ್ಟಾದರೂ ಬೇಡವೇ?

ಅಂಗಡಿಯ ಘಾಟು ದ್ರಾವಣಗಳನ್ನು ಅವಳು ಮುಟ್ಟುವುದಿಲ್ಲ. ಅಂಟುವಾಳದ ಕಾಯಿ ಕುದಿಸಿದ ನೀರು, ಅಡುಗೆ ಸೋಡಾ, ಒರೆಸುವುದಕ್ಕೆ ಹಳೆ ನೂಲಿನ ಸೀರೆಯ ತುಂಡುಗಳು, ಇಷ್ಟೇ ಅವಳ ಬಂಡವಾಳ. ಚಳಿಗಾಲದಲ್ಲಂತೂ ಕಿಟಕಿ ತೆಗೆಯುವಂತಿಲ್ಲ, ಹೀಟರ್ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಆಗ ಘಾಟು ಎಬ್ಬಿಸಿದರೆ ಮನೆಯವರೆಲ್ಲ ಅದನ್ನೇ ಉಸಿರಾಡಬೇಕು.

ಜನವರಿಯ ಆ ಬೆಳಿಗ್ಗೆ ಪಕ್ಕದ ಊರು ಫ್ಲವರ್ ಮೌಂಡಿನ ತುಳಸಿಯ ಮನೆಗೆ ಅವಳನ್ನು ಕರೆಸಿದ್ದೂ ಅದಕ್ಕೇ. ತುಳಸಿಯ ಹೆಣ್ಣುಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ಉಸಿರಾಟದ ತೊಂದರೆಯಿಂದ ಇಷ್ಟು ದಿನ ಆಸ್ಪತ್ರೆಯಲ್ಲಿದ್ದದ್ದು ಅಂದು ಮೊದಲ ಸಲ ಮನೆಗೆ ಬರುವುದಿತ್ತು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ತುಳಸಿಯ ತಾಯಿ ಲೀಲಾವತಮ್ಮ ಆರತಿ ತಟ್ಟೆಗೆ ಕುಂಕುಮದ ನೀರು ಕಲೆಸುತ್ತಲೇ ಜಯದೇವಿಯ ಕೈಯನ್ನು ದಿಟ್ಟಿಸಿದರು.

"ಮಗು ಕೋಣೇನ ಈ ಚಿಂದೀಲಿ ಒರೆಸ್ತೀರಾ?"

"ಕುದಿಸಿ ಒಗದೇನ್ರಿ ಅಮ್ಮಾರ. ಇದರಾಗ ನಮ್ಮವ್ವನ ಇಳಕಲ್ ಸೀರೀನೂ ಐತಿ."

"ಏನಾದ್ರೂ ಚಿಂದಿ ಚಿಂದೀನೇ" ಎಂದರು ಲೀಲಾವತಮ್ಮ. ಜಯದೇವಿಗೆ ಚುರುಕ್ಕೆಂದಿತು. ಆದರೂ ತೊಟ್ಟಿಲ ಕೋಣೆಯನ್ನು ಕನ್ನಡಿಯ ಹಾಗೆ ಮಾಡಿ, ತುಂಡುಗಳನ್ನೆಲ್ಲ ಬಿಸಿನೀರಲ್ಲಿ ಜಾಲಿಸಿ ಹಿಂಡಿ ಬುಟ್ಟಿಗೆ ಹಾಕಿದಳು.

ಅಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಲಕ್ಷ್ಮಿ ಬರುವ ಹೊತ್ತಿಗೆ ಬಾಗಿಲಿಗೆ ನೀರು ಹಾಕದಿದ್ದರೆ ಹೇಗೆ? ಬಿಸಿನೀರು ತಾನೇ ಎಂದುಕೊಂಡು ಒಂದು ಬಕೆಟ್ ತಂದು ಹೊಸ್ತಿಲಿನಿಂದ ಮೆಟ್ಟಿಲು, ಕಾಲುದಾರಿಯವರೆಗೂ ಧಾರಾಳವಾಗಿ ಸುರಿದಳು. ಹೊರಗೆ ಮೂಳೆ ಕೊರೆಯುವ ಚಳಿ. ರಂಗೋಲಿ ಡಬ್ಬಿ ಹುಡುಕಿ ತರುವಷ್ಟರಲ್ಲಿ ನೀರು ಗಾಜಿನಂತೆ ಹೆಪ್ಪುಗಟ್ಟಿತ್ತು. ಮೊದಲ ಹೆಜ್ಜೆಗೇ ಅವಳು ಜಾರಿ ಧೊಪ್ಪೆಂದು ಬಿದ್ದಳು.

ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ, ತುಳಸಿಯನ್ನೂ ಕೂಸನ್ನೂ ಆಸ್ಪತ್ರೆಯಿಂದ ಕರೆತರುತ್ತಿದ್ದ ಅಳಿಯ ಸುಹಾಸನ ಕಾರು ಕಾಣಿಸಿತು.

"ಯವ್ವಾ, ಹಾಳು ಮಾಡಿಟ್ಟೆ! ಗ್ಯಾರೇಜಿನಿಂದ ಕರಕೊಳ್ರಿ ಅಮ್ಮಾರ!"

"ಗ್ಯಾರೇಜ್ ತುಂಬ ತೊಟ್ಟಿಲು ಬಂದ ಡಬ್ಬ, ಹಳೇ ಸೋಫಾ. ಇಲಿ ನುಗ್ಗೋಕೂ ಜಾಗ ಇಲ್ಲ!" ಲೀಲಾವತಮ್ಮ ಆರತಿ ತಟ್ಟೆ ಹಿಡಿದೇ ಬಾಗಿಲಿಗೆ ಬಂದರು.

ಜಯದೇವಿ ಅಡುಗೆಮನೆಗೆ ಓಡಿ ಉಪ್ಪಿನ ಭರಣಿ ತಂದಳು. ಉಪ್ಪು ಬಿದ್ದರೆ ಗಿಡ ಸಾಯುತ್ತದೆ ಎಂದು ಊರಿಗೆಲ್ಲ ಉಪದೇಶ ಮಾಡುವವಳೇ ಅದನ್ನು ಎರಡೂ ಕೈಯಿಂದ ಎರಚಿದಳು. ಒಂದು ಮೆಟ್ಟಿಲಿಗೂ ಸಾಲಲಿಲ್ಲ. ಕಾರು ನಿಂತಿತು. ಹಸಿ ಬಾಣಂತಿ, ಎದೆಗೆ ಅವುಚಿಕೊಂಡ ಕೂಸು, ಕೆಳಗೆ ಈ ಜಾರು.

ಕಣ್ಣಿಗೆ ಬಿದ್ದದ್ದು ಬುಟ್ಟಿ. ಒಂದು ಒದ್ದೆ ತುಂಡನ್ನು ಮಂಜುಗಡ್ಡೆಯ ಮೇಲೆ ಹರಡಿದಳು. ಅದು ಅಲ್ಲೇ ಕಚ್ಚಿ ಹಿಡಿಯಿತು, ಎಳೆದರೂ ಬರಲಿಲ್ಲ. "ಇಳೀಬ್ಯಾಡ್ರಿ, ಒಂದೀಟು ತಡೀರಿ!" ಎಂದು ಕೂಗುತ್ತ, ಮಂಡಿಯೂರಿ ತೆವಳುತ್ತ, ಹೊಸ್ತಿಲಿನಿಂದ ಕಾರಿನವರೆಗೂ ಸೀರೆಯ ತುಂಡುಗಳನ್ನು ಹಾಸಿದಳು. ಕೊನೆಯದಾಗಿ ಅವ್ವನ ಇಳಕಲ್. ಪ್ರತಿಯೊಂದನ್ನೂ ತಾನೇ ಮೊದಲು ತುಳಿದು ನೋಡಿದಳು.

ಸುಹಾಸ ಒಂದು ಕಡೆ, ಜಯದೇವಿ ಇನ್ನೊಂದು ಕಡೆ ಹಿಡಿದುಕೊಂಡರು. ತುಳಸಿ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಮೇಲೆ ಬಂದಳು. ಕೂಸಿಗೆ ಇದ್ಯಾವುದರ ಗೊಡವೆಯೂ ಇಲ್ಲ, ಗಾಢ ನಿದ್ದೆ. ಆರತಿಯಾಯಿತು. ಬಾಗಿಲು ಮುಚ್ಚಿದ ಮೇಲೆ ಜಯದೇವಿ ಅಲ್ಲೇ ಗೋಡೆಗೊರಗಿ ಕೂತಳು.

"ತಪ್ಪಾತ್ರಿ ಅಮ್ಮಾರ. ಬಿಸಲು ಬಂದ ಮ್ಯಾಲೆ ಆ ಚಿಂದಿ ಕಿತಗೊಂಡು ಹೋಗತೇನ್ರಿ."

ಲೀಲಾವತಮ್ಮ ಬಿಸಿ ಕಾಫಿ ತಂದು ಅವಳ ಕೈಗಿಟ್ಟರು. "ದೇವರ ಮೆರವಣಿಗೆಗೆ ನಡೆಮಡಿ ಹಾಸ್ತಾರಲ್ಲ, ನನ್ನ ಮೊಮ್ಮಗಳಿಗೆ ನೀವು ಹಾಸಿದ್ರಿ" ಎಂದರು. ಆಮೇಲೆ, "ನಿಮ್ಮಮ್ಮನ ಸೀರೆ ಇನ್ನೊಂದು ತುಂಡು ಮನೇಲಿ ಉಳಿದಿದ್ಯಾ? ತೊಟ್ಟಿಲಿಗೆ ಹಾಸೋಣ" ಎಂದು ಕೇಳಿದರು.

ಜಯದೇವಿ ಕಾಫಿ ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡಳು.

"ಐತ್ರಿ" ಎಂದಳು. "ಕುದಿಸಿ ತರತೇನ್ರಿ."