ಯಾರೂ ಬಳಸದ ಜಾಗ

ವಾರದಲ್ಲಿ ಆರು ದಿನ ನಾನು ಅಥಣಿಯಲ್ಲಿ ಬ್ಯಾಂಕ್ ಮ್ಯಾನೇಜರು. ಭಾನುವಾರ ಮಾತ್ರ, ಮಂಗಸೂಳಿ ಕಡೆಯ ಹುಲ್ಲುದಿಬ್ಬಗಳ ಮಡ್ಡಿಯಲ್ಲಿ ತೋಳಗಳನ್ನು ಉಳಿಸಲು ಊರವರೇ ಕಟ್ಟಿಕೊಂಡಿದ್ದ ಸಮಿತಿಯ ಅಧ್ಯಕ್ಷ. ತೋಳ ಹಿಡಿದ ಕುರಿಗೆ ಪರಿಹಾರ ಕೊಟ್ಟರೆ ಯಾರೂ ವಿಷ ಇಡುವುದಿಲ್ಲ ಎಂಬುದು ನನ್ನದೇ ಯೋಜನೆ.

ಒಮ್ಮೆ ಕುರಿ ಕಾಯುವ ಸಿದ್ದಪ್ಪಜ್ಜನ ಕುರಿಯೊಂದನ್ನು ತೋಳ ಹೊತ್ತೊಯ್ದಿತು. ಅರ್ಜಿ, ಶಾಯಿ ಪ್ಯಾಡು ಹಿಡಿದು ನಾನೇ ಹೋದೆ.

"ಅಜ್ಜ, ಇಲ್ಲೊಂದು ಹೆಬ್ಬಟ್ಟ ಒತ್ರಿ."

ಅಜ್ಜ ಕೈ ಹಿಂದಕ್ಕೆಳೆದುಕೊಂಡ. "ಬ್ಯಾಡ್ರಿ ಸಾಹೇಬ್ರ. ಅದು ತ್ವಾಳದ ಪಾಲು. ನಮ್ಮಪ್ಪನ ಕಾಲದಿಂದ ಒಯ್ಕೋತ ಬಂದೈತಿ. ರೊಕ್ಕಾ ತಗೊಂಡ್ರ ಮಾರಿದಂಗ ಆಕ್ಕೈತ್ರಿ."

"ಮತ್ತ ನಿಮಗೇನ ಬೇಕ್ರಿ?"

ಅವನು ಕೋಲೆತ್ತಿ ದಿಬ್ಬದ ಕಡೆ ತೋರಿಸಿದ. ಹಿಂದಿನ ವರ್ಷ ಹುಲ್ಲಿದ್ದಲ್ಲಿ ಈಗ ಕಬ್ಬು ನಿಂತಿತ್ತು.

"ಅಲ್ಲಿ ಅದರ ಗವಿ ಇತ್ತು. ಮಡ್ಡಿ ಕಡದು ಸಪಾಟ ಮಾಡುಮುಂದ ಮರಿ ಒಳಗ ಇದ್ದುವು. ತಾಯಿ ಮೂರ ದಿನ ಅಲ್ಲೇ ಸುತ್ತಿತು. ಅದಕ್ಕ ಪರಿಹಾರ ಯಾರ ಕೊಡ್ತಾರ್ರಿ?"

ಆ ಕೆಲಸಕ್ಕೆ ಸಾಲ ಮಂಜೂರು ಮಾಡಿದ್ದು ನಾನು. ಜಾಗ ನೋಡಲು ಬಂದು, ಯಾರೂ ಬಳಸದ ಪಾಳು ಭೂಮಿ ಎಂದು ವರದಿ ಬರೆದವನೂ ನಾನೇ. ಮುಚ್ಚಿಡಲಾಗದೆ ಅಜ್ಜನಿಗೆ ಹೇಳಿಬಿಟ್ಟೆ.

"ಗೊತ್ತೈತ್ರಿ," ಅಂದ ಅಜ್ಜ. "ಅವತ್ತ ನೋಡಾಕ ಬಂದಾಗ ನೀವು ನೀರ ಕೇಳಿದ್ರಿ. ನಾನ ತಂದುಕೊಟ್ಟಿದ್ನಿ."

ಖಾಲಿ ಅರ್ಜಿ ಮಡಚಿಕೊಂಡು ವಾಪಸ್ಸು ಬಂದೆ. ಈಗ ಎಲ್ಲಿ ಜಾಗ ನೋಡಲು ಹೋದರೂ ಮೊದಲು ನೀರು ಕೇಳುತ್ತೇನೆ. ತಂದುಕೊಡುವವರು ಒಬ್ಬರಿದ್ದರೂ ‘ಯಾರೂ ಬಳಸದ ಭೂಮಿ’ ಎಂದು ಬರೆಯಲು ಕೈ ಏಳುವುದಿಲ್ಲ.