ಲೆನ್ಸಿನ ಮೇಲಿನ ಕುಂಕುಮ

ಮುಳಬಾಗಿಲಿನ ಹೆದ್ದಾರಿ ಪಕ್ಕದ ಸ್ಟುಡಿಯೊದಲ್ಲಿ ಕೋದಂಡರಾಮಪ್ಪ ಇದುವರೆಗೆ ತೊಳೆದ ಫೋಟೊಗಳನ್ನೆಲ್ಲ ಒಂದೇ ಹಗ್ಗಕ್ಕೆ ನೇತುಹಾಕಿದ್ದರೆ, ಹಗ್ಗದ ಇನ್ನೊಂದು ತುದಿಯನ್ನು ತಿರುಪತಿಯಲ್ಲಿ ಕಟ್ಟಬೇಕಾಗುತ್ತಿತ್ತು. ಈಗ ಗಿರಾಕಿಗಳಿಲ್ಲ. ಆದರೂ ಕತ್ತಲೆ ಕೋಣೆಯಲ್ಲಿ ಫೋಟೊ ಹಿಗ್ಗಿಸುವ ಎನ್‌ಲಾರ್ಜರಿನ ಲೆನ್ಸಿಗೆ ಪಟ್ಟದಾನೆಗಿಲ್ಲದ ಉಪಚಾರ. ಗಾಜಿಗೆ ಬೂಸ್ಟು ಹಿಡಿಯಬಾರದೆಂದು, ಚಪ್ಪಲಿ ಡಬ್ಬಿಯಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಊರೆಲ್ಲ ಬೇಡಿ ತಂದು ಲೆನ್ಸಿನ ಡಬ್ಬಿಯಲ್ಲಿ ಇಟ್ಟಿದ್ದರು.

ಬೈರಕೂರಿನ ಶಾಮಲಮ್ಮ ಒಂದು ಹಳೆಯ ನೆಗೆಟಿವ್ ತಂದಳು. ಮದುವೆಯ ಗುಂಪಿನಲ್ಲಿ ಅವಳಮ್ಮನ ಮುಖ ಎಳ್ಳಿನಷ್ಟು. ಹೆತ್ತ ವಾರಕ್ಕೇ ತೀರಿಕೊಂಡ ಅಮ್ಮನನ್ನು ಶಾಮಲಮ್ಮ ನೋಡಿಯೇ ಇಲ್ಲ.

“ಕಂಪ್ಯೂಟರಿನವ್ರು ದೊಡ್ಡದು ಮಾಡಿದ್ರೆ ಮುಖ ಇಡ್ಲಿ ತರ ಬಂತಣ್ಣಾ. ನೀನೇ ಗತಿ.”

ಕೋದಂಡರಾಮಪ್ಪ ಲೆನ್ಸಿನ ಡಬ್ಬಿ ತೆರೆದರು. ಗಾಜಿನ ನಟ್ಟನಡುವೆ ಗಂಧ, ಅದರ ಮೇಲೆ ರೂಪಾಯಿಯಗಲ ಕುಂಕುಮ! ಆಯುಧಪೂಜೆಯ ದಿನ ಅವರು ಕ್ಯಾಲನೂರಿನ ನೆಂಟರ ಮನೆಯಲ್ಲಿದ್ದರು. ಪೂಜೆ ಮಾಡಿದ್ದು, ಈಗ ಬಾಗಿಲಲ್ಲಿ ನಿಂತಿದ್ದ ಹೆಂಡತಿ ರಾಮಲಕ್ಷ್ಮಮ್ಮ.

“ಲೇ, ಗಾಜಿಗೇ ಇಟ್ಟಿದ್ದೀಯಲ್ಲೇ! ನಾನು ಸುತ್ತಲ ಲೋಹದ ಬಳೆಗೆ ತಾನೇ ಇಡೋದು?”

“ದೇವರ ಹತ್ರಾನೂ ಜಿಪುಣತನ! ತಗೊಳ್ಳಿ, ಸೆರಗಲ್ಲಿ ಒರೆಸ್ತೀನಿ.”

“ಮುಟ್ಟಬೇಡ ಕಣೇ! ಗಂಧದಲ್ಲಿ ಸಾಣೆಕಲ್ಲಿನ ಪುಡಿ ಇರುತ್ತೆ. ಉಜ್ಜಿದ್ರೆ ಗೀರು. ಇನ್ನೊಂದು ಲೆನ್ಸ್ ಇಲ್ಲ.”

ಶಾಮಲಮ್ಮ ನೆಗೆಟಿವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಕೋದಂಡರಾಮಪ್ಪ ಮೊದಲು ಗಾಳಿ ಊದುವ ರಬ್ಬರ್ ಬುರುಡೆ ಒತ್ತಿ ಒಣಪುಡಿಯನ್ನು ಹಾರಿಸಿದರು. ನೀರು ಒಳಕ್ಕೆ ಇಳಿಯದಂತೆ ಲೆನ್ಸನ್ನು ಕೆಳಮುಖ ಹಿಡಿದು, ಶುದ್ಧನೀರಿನ ಹನಿ ತಾಕಿಸಿದ ತೆಳುಕಾಗದವನ್ನು ಗಾಜಿಗೆ ಅಂಟಿಸಿದರು. ಉಜ್ಜಲಿಲ್ಲ. ಕಾದರು. ಅವರು ಉಸಿರು ಬಿಗಿಹಿಡಿದ ರಭಸಕ್ಕೆ ಬೀದಿಯ ಬೇವಿನಮರವೂ ಅಲ್ಲಾಡುವುದನ್ನು ನಿಲ್ಲಿಸಿತು. ಕಾಗದ ಕೆಂಪಾಯಿತು. ಮೆಲ್ಲಗೆ ಎತ್ತಿ ಹೊಸದನ್ನು ಅಂಟಿಸಿದರು, ಮತ್ತೆ, ಮತ್ತೆ. ಕಡೆಗೆ ಬೆಳಕಿಗೆ ಓರೆಯಾಗಿ ಹಿಡಿದರು. ಅಂಚಿನಲ್ಲಿ ಕೂದಲಿನಷ್ಟು ಗೀರು. ಕುಂಕುಮ ಇಡುವಾಗಲೇ ಹೆಂಡತಿಯ ಉಂಗುರ ತಗುಲಿತ್ತು.

“ಹೋಯ್ತಾ?” ಶಾಮಲಮ್ಮ ಕತ್ತು ಚಾಚಿದಳು.

“ಅಂಚು ಬಿಟ್ಟು ನಡುವಿನಿಂದಷ್ಟೇ ಬೆಳಕು ಬಿಡ್ತೀನಿ. ಆದ್ರೆ ಹೆಚ್ಚು ಹೊತ್ತು ಬಿಡಬೇಕು. ಅಷ್ಟರಲ್ಲಿ ಲಾರಿ ಬಂದ್ರೆ ಮೇಜು ಅದುರುತ್ತೆ, ಮುಖ ಕಲಸಿಹೋಗುತ್ತೆ. ಫೋಟೊ ಕಾಗದಾನೂ ಇದೊಂದೇ ಉಳಿದಿರೋದು.”

ರಸ್ತೆ ಖಾಲಿಯಾಗೋದನ್ನು ಕಾಯಲು ರಾಮಲಕ್ಷ್ಮಮ್ಮ ಹೊರಗೆ ಓಡಿದಳು. ಚಿತ್ತೂರಿನ ಕಡೆಯಿಂದ ಲೋಕದ ಲಾರಿಗಳೆಲ್ಲ ಅವತ್ತೇ ಹೊರಟಿದ್ದವು. ಕೊನೆಗೆ ಅವಳ ಕೂಗು ಬಂತು: “ಈಗ! ಬಿಡ್ರೀ!”

ಬೆಳಕು ಬಿತ್ತು. ದೂರದಲ್ಲಿ ಹಾರ್ನ್ ಕೇಳಿಸಿತು. ಕೋದಂಡರಾಮಪ್ಪ ತುಟಿ ಕಚ್ಚಿ ಎಣಿಸುತ್ತಲೇ ಇದ್ದರು. ಬೆಳಕು ಆರಿಸಿದ ಮೇಲೆಯೇ ಲಾರಿ ಬಂದು ಗೋಡೆ ನಡುಗಿಸಿತು.

ಕೆಂಪು ದೀಪದಡಿ, ತಟ್ಟೆಯ ದ್ರಾವಣದಲ್ಲಿ ಅದ್ದಿದ ಕಾಗದದ ಮೇಲೆ ಮೊದಲು ಹುಬ್ಬು ಮೂಡಿತು. ಆಮೇಲೆ ಕಣ್ಣು, ಗಲ್ಲ. ಶಾಮಲಮ್ಮ ಬಗ್ಗಿ ನೋಡಿದಳು.

“ಅಯ್ಯೋ ದೇವುಡಾ,” ಎಂದು ತನ್ನ ಮೂಗು ಮುಟ್ಟಿಕೊಂಡಳು. “ಈ ಬೋಂಡಾ ಮೂಗು ಇವಳದ್ದಾ! ಇಷ್ಟು ದಿನ ಸುಮ್ನೆ ಅಪ್ಪನ್ನ ಬೈಕೊಂಡೆ ಕಣಣ್ಣಾ.”